ಸರಿತಾ ವಿಹಾರದಿಂದ ಶುರುವಾದ ಕತೆ

ಮುಂದೆಂದೋ ನಡೆಯುವ ಕತೆಯೊಂದನ್ನು ಬರೆದಿದ್ದೆ. ಅದರಲ್ಲಿ ಗುರುಗ್ರಾಮದ ಒಂದು ಫ್ಲ್ಯಾಟು ತೀರಿಹೋದ ಅಮ್ಮನ ದನಿಯಲ್ಲಿ ಮಾತಾಡುತ್ತದೆ. ಸ್ವೆಟರ್ ಹಾಕಿಕೋ, ಹಾಲು ಉಕ್ಕುತ್ತಿದೆ ನೋಡು ಎಂದು ಅಲ್ಲಿರುವ ಮಗಳಿಗೆ ದಿನವಿಡೀ ಗೊಣಗುತ್ತದೆ. ಆ ದನಿಯನ್ನು ಉದ್ದಕ್ಕೂ ‘ಅಮ್ಮ’ ಎಂದೇ ಕರೆದಿದ್ದೆ. ಎಲ್ಲ ಬಿಡಿಬಿಡಿ ಭಾಗಗಳು, ಎಲ್ಲಿಂದ ಬೇಕಾದರೂ ಓದಬಹುದು. ಹೆತ್ತವರಿಗೆ ಹೆಗ್ಗಣ ಮುದ್ದು, ನನಗಂತೂ ಹೆಮ್ಮೆಯಿತ್ತು. ನನ್ನ ಗಂಡ ಮಾತ್ರ, “ತಲೆಬುಡ ಗೊತ್ತಾಗಲ್ಲ ಮಾರಾಯ್ತಿ. ಅಮ್ಮ ಸತ್ತದ್ದನ್ನ ಮೊದಲು ಹೇಳು” ಎಂದರು. ಸಿಟ್ಟು ಬಂತು. ಆದರೂ ಪತ್ರಿಕೆಯೊಂದರ ವಿಶೇಷಾಂಕಕ್ಕೆ ಕಳಿಸುವ ಆಸೆಗೆ ಸಾವನ್ನು ಮೊದಲಿಟ್ಟು ಸಾಲಾಗಿ ಜೋಡಿಸಿದೆ.

ಗ್ರೇಟರ್ ನೋಯ್ಡಾದಿಂದ ಗುರುಗ್ರಾಮದ ಆಫೀಸಿಗೆ ಹೋಗುವಾಗ ಅವರು ಕಾರು ಓಡಿಸುತ್ತಿದ್ದರು, ನಾನು ಫೋನು ಹಿಡಿದು ಗಟ್ಟಿಯಾಗಿ ಓದಿದೆ. ಸಾವಿನ ಭಾಗ ಮುಗಿಯುವಾಗ ದಿಲ್ಲಿಯ ಸರಿತಾ ವಿಹಾರ್ ಬಂತು. ನನ್ನ ಆಫೀಸಿನ ಉಡುಪಿಯ ಹುಡುಗಿ ದಿನವೂ ಅಲ್ಲಿ ನಮ್ಮ ಕಾರು ಹತ್ತುತ್ತಾಳೆ. ಅವಳ ಅಮ್ಮ ಹೋಗಿ ವರ್ಷ ತುಂಬಿರಲಿಲ್ಲ. ಓದು ನಿಲ್ಲಿಸಿದೆ.

“ಓದಿ ಅಕ್ಕ, ಈ ಜಾಮಲ್ಲಿ ಬೇರೆ ಏನು ಕೆಲಸ?” ಎಂದಳು.

ಉಳಿದ ಭಾಗಗಳನ್ನು ಆ ವಾರವೆಲ್ಲ ಓದಿದೆ. ಅಮ್ಮ ಗೊಣಗಿದಾಗಲೆಲ್ಲ ಅವಳು ನಗುತ್ತಿದ್ದಳು. ಕೊನೆಯ ಭಾಗದಲ್ಲಿ ಮಗಳು ಫ್ಲ್ಯಾಟು ಖಾಲಿ ಮಾಡುತ್ತಾಳೆ. ಓದಿ ಮುಗಿಸಿದಾಗ ಅವಳು ಕೇಳಿದಳು: “ಹೊಸ ಮನೆಗೆ ಅಮ್ಮನೂ ಬರ್ತಾರಲ್ವಾ ಅಕ್ಕ?”

ಸಾವಿನ ಭಾಗ ಕೇಳಿರದ ಅವಳ ಪಾಲಿಗೆ ಆ ಅಮ್ಮ ಬದುಕಿದ್ದಳು. ಪಕ್ಕದ ಕೋಣೆಯಿಂದ ಕೂಗಿ ಹೇಳುತ್ತಿದ್ದಳು. ಗಂಡ ನನ್ನತ್ತ ನೋಡಿದರು.

“ಬರ್ತಾರೆ” ಎಂದೆ.

ಭಾನುವಾರ ಕೂತು ಜೋಡಿಸಿದ್ದನ್ನೆಲ್ಲ ಮತ್ತೆ ಬಿಡಿಸಿದೆ. ಹಾಗೇ ಕಳಿಸಿದ್ದಕ್ಕೆ ವಿಶೇಷಾಂಕದವರು ಒಪ್ಪಲಿಲ್ಲ. ಹಾಗಾಗಿ ಭಾಗಗಳನ್ನು ಬೇರೆಬೇರೆಯಾಗಿಯೇ ಪ್ರಿಂಟ್ ತೆಗೆಸಿ ಸ್ನೇಹಿತರಿಗೆ ಹಂಚಿದೆ. ಎಲ್ಲಿಂದ ಬೇಕಾದರೂ ಓದಬಹುದು ಎಂದು ಜಂಬದಿಂದ ಬರೆದವಳು ನಾನು. ಹಾಗೆ ಓದಿದರೆ ಒಬ್ಬರಿಗೆ ಏನು ಸಿಗಬಹುದು ಎಂದು ತೋರಿಸಿದವಳು ಅವಳು. ಅವಳ ಋಣ ದೊಡ್ಡದು.

ಅವಳಿಗೂ ಒಂದು ಕಟ್ಟು ಕೊಟ್ಟೆ. ಅವಳು ಕಾರು ಹತ್ತುವ ಮೊದಲು ನಾನು ಓದಿದ್ದ ಭಾಗ ಯಾವುದು, ಅದರಲ್ಲಿ ಏನಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದೆ. ಅವಳು ಕಟ್ಟು ಬಿಚ್ಚಿ ಆ ಭಾಗದ ಮೇಲೆ ಬೆರಳಿಟ್ಟಳು.

“ಇದನ್ನ ಓದದೇ ಇದ್ರೂ ಕತೆ ಆಗುತ್ತಾ ಅಕ್ಕ?”

“ಆಗುತ್ತೆ.”

“ಅಚ್ಛಾ. ಹಾಗಾದ್ರೆ ಇದೊಂದು ನಿಮ್ಮ ಹತ್ರಾನೇ ಇರಲಿ” ಎಂದು ಆ ಹಾಳೆಗಳನ್ನು ತೆಗೆದು ನನಗೆ ಕೊಟ್ಟು, ಉಳಿದವನ್ನು ಬ್ಯಾಗಿಗೆ ಹಾಕಿಕೊಂಡಳು.