ತಪ್ಪಿಲ್ಲದವರ ಬಿಡುಗಡೆ ಪತ್ರ

ಕಳೆದ ಸೋಮವಾರ ಮಧ್ಯಾಹ್ನ ನನ್ನ ಭಾವ ಮತ್ತೆ ನನ್ನ ಮಾವನಾದ.

ಗೊಂದಲವಾಯಿತೆ? ಬಿಡಿಸಿ ಹೇಳುತ್ತೇನೆ. ಮರಿಗೌಡ ನನ್ನ ತಾಯಿಯ ಒಬ್ಬನೇ ತಮ್ಮ, ನನಗಿಂತ ಮೂರೇ ವರ್ಷಕ್ಕೆ ದೊಡ್ಡವನು. ಆರು ವರ್ಷದ ಹಿಂದೆ, ಈ ಯುದ್ಧ ಶುರುವಾಗುವ ಮೊದಲು, ಅವನಿಗೆ ನನ್ನ ತಂಗಿ ತಾಯಮ್ಮನನ್ನು ಕೊಟ್ಟು ಮದುವೆ ಮಾಡಿದೆವು. (ನಮ್ಮ ಕಡೆ ಇದೇನೂ ಹೊಸದಲ್ಲ. ಅಕ್ಕನ ಮಗಳಿರುವಾಗ ಹೊರಗೆ ಹೆಣ್ಣು ಹುಡುಕುವವನನ್ನೇ ಜನ ವಿಚಿತ್ರವಾಗಿ ನೋಡುತ್ತಾರೆ.) ಅವಳಿಗೆ ಆಗ ಹದಿನಾಲ್ಕು. ಅವನಿಗೆ ಜಲಪಾತದ ಬಳಿ ಬ್ಲಫ್‌ನ ಕರೆಂಟು ಮನೆಯಲ್ಲಿ ಕೆಲಸ, ಇರಲು ಕ್ವಾರ್ಟರ್ಸು. ಇನ್ನೇನು ಬೇಕು ಎಂದುಕೊಂಡಿದ್ದೆವು.

ಗೌರಿಹಬ್ಬ ಕಳೆದ ಮೇಲೆ ಒಂದು ಭಾನುವಾರ ಇಬ್ಬರೂ ಮಂಡ್ಯದ ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಜಯಮ್ಮ ಕಾಫಿ ಕೊಟ್ಟಳು. ಮರಿಗೌಡ ಕುಡಿದು ಲೋಟ ಕೆಳಗಿಟ್ಟ.

"ಅಳಿಯ, ನಮ್ಮಿಬ್ರಿಗೂ ಬುಡುಗಡೆ ಮಾಡ್ಸ್‌ಬುಡು ಕಣ್ಲಾ."

"ಯಾಕೆ ಮಾವ, ಕೆಲಸ ಬುಡ್ತೀಯಾ?" ಎಂದೆ.

"ಕೆಲಸ ಅಲ್ಲ ಕಣಣ್ಣ," ಎಂದಳು ತಂಗಿ, ನೆಲ ನೋಡುತ್ತ.

"ಒಡೀತಾನಾ ಇವನು?" ಎಂದು ಅವನೆದುರೇ ಕೇಳಿಬಿಟ್ಟೆ.

"ಥೂ! ಮಾವ ಒಡೀತಾನಾ?" ತಂಗಿಗೆ ನನ್ನ ಮೇಲೇ ಸಿಟ್ಟು ಬಂತು.

ಮರಿಗೌಡನೇ ಹೇಳಿದ. "ಇವಳ್ನ ತೊಟ್ಲಿಂದ ಎತ್ತಾಡ್ಸ್‌ದೋನು ನಾನು. ಗೊಣ್ಣೆ ಒರಸಿವ್ನಿ, ಜಡೆ ಆಕಿವ್ನಿ. ಇವತ್ಗೂ ನನ್ ಕಣ್ಗೆ ಅಂಗೇ ಕಾಣ್ತಾಳೆ. ಆರು ವರ್ಸದಿಂದ ನಾನು ಜಗಲಿ ಮ್ಯಾಲೆ ಮಲಿಕತೀನಿ, ಇವಳು ಒಳಗೆ. ಇನ್ನೇನ್ ಬುಡ್ಸಿ ಯೋಳ್ಲಿ?"

ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಇಷ್ಟು ದಿನ ಸುಮ್ಮನಿದ್ದವರು ಈಗೇಕೆ? ಹಬ್ಬಕ್ಕೆ ಅವನ ಊರು ಪೂರಿಗಾಲಿಗೆ ಹೋಗಿದ್ದಾಗ ನೆಂಟರು ತಾಯಮ್ಮನನ್ನು ಬಂಜೆ ಎಂದಿದ್ದರಂತೆ. ಅವನಿಗೆ ಎರಡನೇ ಹೆಣ್ಣನ್ನೂ ನೋಡಿಟ್ಟಿದ್ದರಂತೆ.

"ನಾನು ಇನ್ನೊಂದ್ ಮದ್ವೆ ಆದ್ರೆ ನಂಗೇನೂ ಕಷ್ಟಿಲ್ಲ ಕಣ್ಲಾ. ಇವಳು? ಸಾಯೋಗಂಟ ಬಂಜೆ ಅನ್ನಿಸ್ಕಂಡು ಮೂಲೇಲಿ ಕುಂತಿರ್ಬೇಕಾ?"

ಓದುಗರೇ, ಸ್ವಲ್ಪ ಯೋಚಿಸಿ. ಗಂಡಸಿಗೆ ಹೆಂಡತಿಯನ್ನು ಬಿಡಲು ಪತ್ರ ಏಕೆ ಬೇಕು? ಇನ್ನೊಬ್ಬಳನ್ನು ತಂದರೆ ಮುಗಿಯಿತು. ವಕೀಲರಿಲ್ಲ, ಸ್ಟಾಂಪಿಲ್ಲ, ಪಂಚಾಯಿತಿಯಿಲ್ಲ. ಊಟಕ್ಕೆ ಇನ್ನೊಂದು ತಟ್ಟೆ ಇಟ್ಟರಾಯಿತು. ಆ ಸುಲಭದ ದಾರಿ ಬೇಡವೆಂದು ಒಬ್ಬ ಬಂದು ನನ್ನ ಜಗಲಿಯ ಮೇಲೆ ಕೂತಿದ್ದಾನೆ. ನನಗೆ ಹೆಮ್ಮೆಯಾಗಬೇಕಿತ್ತು. ಆದದ್ದು ಹೆದರಿಕೆ.

ಆ ವಾರವೆಲ್ಲ ಶಾಲೆಯಲ್ಲಿ ನಾನು ಬೋರ್ಡಿನ ಮೇಲೆ ಬರೆದ ಲೆಕ್ಕವನ್ನು ಹುಡುಗರೇ ತಿದ್ದಿದರು. ಬಿಟ್ಟು ಬಂದವಳನ್ನು ಯಾರು ಮದುವೆಯಾಗುತ್ತಾರೆ? ಕುಲದವರು ನಮ್ಮನ್ನು ಹೊರಗಿಟ್ಟರೆ? ನನಗೂ ಇಬ್ಬರು ಹೆಣ್ಣುಮಕ್ಕಳು. ಎಲ್ಲಕ್ಕಿಂತ ಹೆಚ್ಚಾಗಿ, ಅವ್ವ! ಅವಳು ಅವನಿಗೆ ಅಕ್ಕ, ಇವಳಿಗೆ ತಾಯಿ. ಈ ಮದುವೆ ಒಡೆದರೆ ಅವಳಿಗೆ ಉಳಿಯುವುದು ಮಗಳೋ, ತವರೋ?

ಗುಟ್ಟಾಗಿ ಒಬ್ಬ ವಕೀಲರ ಹತ್ತಿರ ಹೋದೆ.

"ಕುಡೀತಾನಾ?"

"ಇಲ್ಲ ಸಾರ್."

"ಬೇರೆ ಹೆಂಗಸಿನ ಸಹವಾಸ?"

"ಇಲ್ಲ ಸಾರ್. ಒಳ್ಳೆಯವನು."

ವಕೀಲರು ಪೆನ್ನು ಕೆಳಗಿಟ್ಟರು. "ಒಳ್ಳೆಯ ಗಂಡನಿಂದ ಬಿಡುಗಡೆ ಕೊಡಿಸುವ ಕಾನೂನು ನಾನು ಓದಿಲ್ಲ ಮೇಷ್ಟ್ರೇ. ಅಸಲಿಗೆ ಹಿಂದೂಗಳಿಗೆ ಬಿಡುಗಡೆಯ ಕಾನೂನೇ ಇಲ್ಲ. ನಿಮ್ಮ ಕುಲದಲ್ಲಿ ರೂಢಿ ಇದೆಯೋ? ಇದ್ದರೆ ಅದೇ ಕಾನೂನು. ಕೋರ್ಟಿಗೆ ಬಂದರೆ ವರ್ಷಗಟ್ಟಲೆ ಅಲೆಯುತ್ತೀರಿ. ಹಿರಿಯರನ್ನು ಸೇರಿಸಿ, ಇಬ್ಬರೂ ಒಪ್ಪಿದ್ದಾರೆಂದು ಸ್ಟಾಂಪು ಕಾಗದದ ಮೇಲೆ ಬರೆಸಿ, ರಿಜಿಸ್ಟರ್ ಮಾಡಿಸಿ. ಬಾಯಿಮಾತಿನಲ್ಲಿ ಮಾತ್ರ ಬಿಡಬೇಡಿ. ನಾಳೆ ಆ ಹುಡುಗಿ ಇನ್ನೊಂದು ಮದುವೆಯಾದರೆ ಅವಳನ್ನು ಕಾಯುವುದು ಆ ಕಾಗದವೇ." ಫೀಜು ಕೂಡ ತೆಗೆದುಕೊಳ್ಳಲಿಲ್ಲ.

ಅವ್ವನಿಗೆ ಹೇಳಿದೆ. ಅವಳು ಕೂಗಲಿಲ್ಲ, ಅಳಲಿಲ್ಲ. ಮಾತು ನಿಲ್ಲಿಸಿದಳು. ಹದಿನೈದು ದಿನ. ಅವಳು ಒಮ್ಮೆ ಬೈದಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು.

ಪಂಚಾಯಿತಿಗೆ ಗೊತ್ತುಮಾಡಿದ್ದ ಸೋಮವಾರ ಬೆಳಗ್ಗೆ ಅವ್ವ, ಅಂದಿನಿಂದ ನಮ್ಮಲ್ಲೇ ಉಳಿದಿದ್ದ ತಂಗಿ, ನಾನು ರೈಲಿನಲ್ಲಿ ಮದ್ದೂರಿಗೆ ಹೋಗಿ, ಅಲ್ಲಿಂದ ಮಳವಳ್ಳಿಯ ಇದ್ದಿಲು ಬಸ್ಸು ಹತ್ತಿದೆವು. (ಯುದ್ಧ ಪೆಟ್ರೋಲನ್ನು ನುಂಗಿದ ಮೇಲೆ ಇದ್ದಿಲ ಹೊಗೆಯೇ ಗತಿ.) ಏರಿನಲ್ಲಿ ಬಸ್ಸು ನಿಂತಿತು. ಎಲ್ಲರೂ ಇಳಿದು ನಡೆದೆವು. ಅವ್ವ ಒಬ್ಬಳೇ ಮುಂದೆ. ಮಳವಳ್ಳಿಯಲ್ಲಿ ಮರಿಗೌಡ ಕಾಯುತ್ತಿದ್ದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. "ಏನಾರ ತಿಂದ್ಯಾ?" ಎಂದು ತಾಯಮ್ಮನನ್ನು ಕೇಳಿದ. ಅವಳು ಒಂದು ಹಣ್ಣು ಸುಲಿದು ಅವನಿಗೇ ಕೊಟ್ಟಳು. ಬಿಡುಗಡೆಗೆ ಹೊರಟವರು ಇವರೇನಾ ಎಂದು ನನಗೇ ಅನುಮಾನ ಬಂತು. ಎಲ್ಲರೂ ಒಂದೇ ಗಾಡಿಯಲ್ಲಿ ಪೂರಿಗಾಲಿ ಸೇರಿದೆವು.

ಚಾವಡಿಯಲ್ಲಿ ಐದು ಜನ ಹಿರಿಯರು. ನಡುವೆ ಯಜಮಾನರು, ಪಕ್ಕದಲ್ಲಿ ಪತ್ರ ಬರೆಯುವವರು.

"ಎಣ್ಣಿನ ಕಡೆಯೋರು ಇತ್ಲಾಗೆ, ಗಂಡಿನ ಕಡೆಯೋರು ಅತ್ಲಾಗೆ ಕುಂತ್ಕಳಿ," ಎಂದರು ಯಜಮಾನರು.

ನಾವೆಲ್ಲ ಕೂತೆವು. ಅವ್ವ ಮಾತ್ರ ನಡುವೆ ನಿಂತೇ ಇದ್ದಳು. ಅವಳು ಯಾವ ಕಡೆ?

"ತಪ್ಪು ಯಾರ್ದು?" ಎಂದು ಕೇಳಿದರು ಯಜಮಾನರು.

"ಯಾರದೂ ಅಲ್ಲ," ಎಂದೆ.

"ಅದೆಂಗ್ ಮೇಷ್ಟ್ರೇ? ತಪ್ಪು ಮಾಡ್ದೋರ ಮ್ಯಾಲೆ ದಂಡ ಆಕ್ಬೇಕು. ತಪ್ಪೇ ಇಲ್ದೆ ಬುಡುಗಡೆ ಕೊಟ್ರೆ ನಾಳೆ ಮನೆಮನೇಲೂ ಕೇಳ್ತಾರೆ."

ಇನ್ನೊಬ್ಬ ಹಿರಿಯರು ಎದ್ದೇಬಿಟ್ಟರು. "ಇದು ಆಗೋ ಮಾತಲ್ಲ. ಕರ್ಕಂಡೋಗಿ ಬಾಳಾಟ ಮಾಡ್ಸಿ."

ಆಗ ಮರಿಗೌಡ ಕೈಮುಗಿದು ನಿಂತ.

"ತಪ್ಪು ನಂದು ಅಂತ ಬರ್ಕಳಿ. ನನ್ ಕೈಲಿ ಮಕ್ಕಳಾಗಕಿಲ್ಲ. ನಾನು ಗಂಡಸಲ್ಲ ಅಂತಲೇ ಬರ್ಕಳಿ."

ಯಾರೋ ಹಿಂದಿನಿಂದ ನಕ್ಕರು. ಮೂವತ್ತೊಂದು ವರ್ಷದ ಗಂಡಸು, ಹುಟ್ಟಿದೂರಿನ ಚಾವಡಿಯಲ್ಲಿ, ದಾಯಾದಿಗಳ ಮುಂದೆ. ಬರೆಯುವವರು ಮಸಿಗೆ ಕಡ್ಡಿ ಅದ್ದಿದರು.

"ಬರೀಬ್ಯಾಡಿ!"

ತಾಯಮ್ಮ ಎದ್ದಿದ್ದಳು. ಜನರ ಮುಂದೆ ಅವಳು ದನಿಯೆತ್ತಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಸುಳ್ಳು ಬರೀಬ್ಯಾಡಿ ಯಜಮಾನ್ರೇ. ಮಾವನಿಗೆ ಏನೂ ಐಬಿಲ್ಲ, ನಂಗೂ ಇಲ್ಲ. ನನ್ ಎತ್ತಾಡ್ಸಿದ ಕೈ ಅದು. ಆ ಕೈ ಇಡ್ಕಂಡು ಸಂಸಾರ ಮಾಡಕೆ ಇಬ್ರಿಗೂ ಆಗ್ನಿಲ್ಲ. ಅಷ್ಟೇಯ."

ಯಜಮಾನರು ಅವ್ವನ ಕಡೆ ತಿರುಗಿದರು. "ನಿಂಗಮ್ಮ, ಎರಡು ಕಡೆಯೋಳೂ ನೀನೇ. ನೀನ್ ಯೋಳವ್ವ."

ಹದಿನೈದು ದಿನದ ಮೇಲೆ ಅವ್ವ ಬಾಯಿಬಿಟ್ಟಳು.

"ತಪ್ಪು ನಂದು ಕಣಪ್ಪ. ಅಪ್ಪ ಅವ್ವ ಓಗ್ಬುಟ್ಟಿದ್ರು. ತಮ್ಮನ ಮನೆಗೆ ಬ್ಯಾರೆ ಎಣ್ಣು ಬಂದ್ರೆ ನಂಗೆ ತವರಿನ ಬಾಗ್ಲು ಮುಚ್ಚೋಯ್ತದೆ ಅಂತ ಎದ್ರಿಕಂಡೆ. ಅದ್ಕೇ ಮಗಳ್ನ ಕೊಟ್ಟೆ. ಅವನ್ನೂ ಕೇಳ್ನಿಲ್ಲ, ಇವಳ್ನೂ ಕೇಳ್ನಿಲ್ಲ. ದಂಡ ನಂಗೆ ಆಕಿ."

ಬರೆಯುವವರು ತಲೆಯೆತ್ತಿದರು. "ಇದನ್ನ ಎಲ್ಲಿ ಬರೀಲಿ ಯಜಮಾನ್ರೇ?"

"ಎಲ್ಲೂ ಬ್ಯಾಡ," ಎಂದರು ಯಜಮಾನರು. "ಇಬ್ರೂ ಒಪ್ಪವ್ರೆ ಅಂತ ಬರಿ. ಯಾರ ಮ್ಯಾಲೂ ಯಾರಿಗೂ ದಾವೆ ಇಲ್ಲ, ಎಣ್ಣು ಬ್ಯಾರೆ ಮದ್ವೆ ಆಗ್ಬೋದು ಅಂತ ಬರಿ."

ಮರಿಗೌಡ ಸಹಿ ಹಾಕಿದ. ತಂಗಿ ಹೆಬ್ಬೆಟ್ಟೊತ್ತಿದಳು. ತಾಳಿಯನ್ನು ತಾನೇ ಬಿಚ್ಚಿ ವೀಳ್ಯದೆಲೆಯ ಮೇಲಿಟ್ಟು, ಬಗ್ಗಿ ಅವನ ಕಾಲು ಮುಟ್ಟಿದಳು. "ಒಳ್ಳೇದಾಗ್ಲಿ ಮಗ," ಎಂದವನು ಚಾವಡಿಯ ಹಿಂದಕ್ಕೆ ಹೋಗಿ ಬಹಳ ಹೊತ್ತು ಬರಲಿಲ್ಲ. ಅವ್ವ ಎದ್ದು ಅವನ ಹಿಂದೆ ಹೋದಳು.

ಎಷ್ಟು ಖರ್ಚಾಯಿತು ಎಂದು ಕೇಳುವವರಿಗೆ: ಸ್ಟಾಂಪು ಕಾಗದ, ಎಲೆಅಡಿಕೆ, ರಿಜಿಸ್ಟರ್ ಫೀಜು, ಬಸ್ಸು ಚಾರ್ಜು. ಅವರ ಮದುವೆಯಲ್ಲಿ ವಾಲಗದವರಿಗೆ ಕೊಟ್ಟದ್ದೇ ಇದಕ್ಕಿಂತ ಹೆಚ್ಚು.

ತಾಯಮ್ಮ ಈಗ ನಮ್ಮ ಮನೆಯಲ್ಲಿದ್ದಾಳೆ. ನೀರಿಗೆ ಹೋದಾಗ ಬೀದಿಯ ಹೆಂಗಸರು ಅವಳ ಬರಿಗೊರಳು ನೋಡುತ್ತಾರೆ. ಮುಂದೇನು? ನನಗೆ ಗೊತ್ತಿಲ್ಲ. ಬ್ಲಫ್‌ನಲ್ಲಿ ಮರಿಗೌಡ ಒಬ್ಬನೇ ಏನು ಬೇಯಿಸಿಕೊಳ್ಳುತ್ತಾನೋ, ಅದೂ ಗೊತ್ತಿಲ್ಲ.

ಇದನ್ನೆಲ್ಲ ಜಯಮ್ಮನಿಗೆ ಹೇಳಿದೆ. ಅವ್ವನ ಮಾತನ್ನೂ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ನಿಲ್ಲಿಸಿದಳು.

"ಮದ್ವೆಗ್ ಮುಂಚೆ ನನ್ನೂ ಯಾರೂ ಕೇಳ್ನಿಲ್ಲ. ಒಂದಿನ ನೀವಾರ ಕೇಳ್ತೀರಾ?"

ನಾಲ್ಕು ದಿನವಾಯಿತು, ಕೇಳುವ ಧೈರ್ಯ ಇನ್ನೂ ಬಂದಿಲ್ಲ.