ಅತ್ತೆ ಪೂಜೆಯಿಂದ ಎದ್ದ ಶನಿವಾರ

ರಾಯದುರ್ಗಕ್ಕೆ ಸೊಸೆಯಾಗಿ ಬಂದ ವರ್ಷವೇ ನನ್ನ ಗಂಡ ನನ್ನ ಹಲ್ಲು ಮುರಿದ. ಹೊಲಿದಿಟ್ಟ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವುದು ಉಳಿದಿತ್ತು, ಅಷ್ಟೇ ಕಾರಣ. ಬಟ್ಟೆ ಅಳೆಯುವ ಮರದ ಸ್ಕೇಲು ತೆಗೆದುಕೊಂಡು ಬಾಯಿಗೇ ಬೀಸಿದ. ನಾನು ಕೆಳಗೆ ಬಿದ್ದಾಗ, ರಕ್ತ ತಾಗೀತೆಂದು ಪ್ಯಾಂಟುಗಳ ಬಂಡಲನ್ನು ಕಾಲಿನಿಂದ ಆಚೆ ಸರಿಸಿದ. ಅತ್ತೆ ಗೋಡೆಯ ಗೂಡಿನಲ್ಲಿದ್ದ ವೆಂಕಟರಮಣನ ಪಟದ ಮುಂದೆ ಕೂತಿದ್ದರು. ಕಣ್ಣು ತೆರೆಯಲಿಲ್ಲ. ‘ಗೋವಿಂದಾ ಗೋವಿಂದಾ’ ಎನ್ನುತ್ತಿದ್ದ ದನಿ ಮಾತ್ರ ಸ್ವಲ್ಪ ಜೋರಾಯಿತು.

ನಾನು ಅಗಳಿ ಕಡೆಯವಳು. ಹಿಪ್ಪುನೇರಳೆ ಸೊಪ್ಪು ಕೊಯ್ದು, ರೇಷ್ಮೆ ಹುಳು ಸಾಕಿ ಬೆಳೆದವಳು. ಆ ವರ್ಷಗಳಲ್ಲಿ ನಮ್ಮೂರಿನ ಅರ್ಧ ಜನ ಕೂಲಿಗೆಂದು ದೂರದ ಊರುಗಳಿಗೆ ಹೋಗುತ್ತಿದ್ದರು. ರಾಯದುರ್ಗದಲ್ಲಾದರೆ ನೆರಳಲ್ಲಿ ಕೂತು ಮಾಡುವ ಕೆಲಸ, ಗಂಡು ಒಳ್ಳೆಯ ಟೈಲರ್ ಎಂದು ಅಪ್ಪ ಒಪ್ಪಿಬಿಟ್ಟಿದ್ದ. ಟೈಲರ್ ಒಳ್ಳೆಯವನೇ. ಅವನು ಹೊಲಿದ ಜೇಬು ಹರಿದದ್ದನ್ನು ನಾನು ಎಂದೂ ನೋಡಿಲ್ಲ.

ಅಂದು ಅತ್ತೆ ನನ್ನ ಬಾಯಿಗೆ ಅರಿಸಿನ ಒತ್ತುತ್ತಾ ಹೇಳಿದರು: “ತಡಕೋ ಯವ್ವಾ. ನಿಮ್ಮ ಮಾವ ನನಗ ಹೊಡದಾಗ ನಾನೂ ಎಲ್ಲಾ ಸ್ವಾಮಿ ಪಾದಕ್ಕ ಬಿಟ್ಟಿದ್ನಿ. ನೋಡಾಂವ ಅದಾನ.”

“ನೋಡ್ತಾವ್ನೆ ಅಂದ್ರೆ ಸುಮ್ನೆ ಯಾಕವ್ನೆ ಅತ್ತೆ?” ಎಂದೆ. ಅವರು ಅರಿಸಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದರು.

ತವರಿಗೆ ಹೋದರೆ ಅಮ್ಮನೂ ಅದನ್ನೇ ಹೇಳಿದಳು. “ತಾಳ್ಕಂಡಿರು ಕಣವ್ವ, ದೇವ್ರು ಕಣ್ ಬಿಡ್ತಾನೆ,” ಎಂದು ಮಡಕಶಿರಾದಲ್ಲಿ ರಾಯದುರ್ಗದ ಬಸ್ ಹತ್ತಿಸಿದಳು. ಬೇರೆ ದಾರಿ ಕಾಣದೆ ನಾನೂ ಶನಿವಾರದ ಒಪ್ಪೊತ್ತಿನ ವ್ರತ ಹಿಡಿದೆ. ಅತ್ತೆಯ ಪಕ್ಕದಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದೆ. ಆದರೆ ಒಳಗೆ ದೇವರ ಮುಖ ಬರುತ್ತಿರಲಿಲ್ಲ. ಗಂಡನ ಬೆರಳುಗಳನ್ನು ಮೆಷಿನ್ನಿನ ಸೂಜಿಯ ಕೆಳಗೆ ಇಟ್ಟು ನಾನು ಪೆಡಲು ಒತ್ತುತ್ತಿರುವುದು ಬರುತ್ತಿತ್ತು. ಬೆಚ್ಚಿ ಕಣ್ಣು ಬಿಟ್ಟರೆ ಪಕ್ಕದಲ್ಲಿ ಅತ್ತೆ ಕಲ್ಲಿನಂತೆ ಕೂತಿರುತ್ತಿದ್ದರು. ಅವನ ಮೇಲಿನ ಸಿಟ್ಟಿಗಿಂತ ಅವರ ಮೇಲಿನ ಸಿಟ್ಟೇ ಹೆಚ್ಚು ಸುಡುತ್ತಿತ್ತು.

ಹೊಡೆತಗಳು ನಿಲ್ಲಲಿಲ್ಲ. ಬೆಲ್ಟಿನಿಂದ ಹೊಡೆದ. ಕೂದಲು ಹಿಡಿದು ಬೀದಿಯ ನಲ್ಲಿಯವರೆಗೆ ಎಳೆದುಕೊಂಡು ಹೋದ. ಅಕ್ಕಪಕ್ಕದ ಮನೆಗಳಲ್ಲೆಲ್ಲ ಮೆಷಿನ್ನುಗಳು ಓಡುತ್ತಿದ್ದವು. ನನ್ನ ಕೂಗು ಆ ಸದ್ದಿನಲ್ಲಿ ಕೇಳಿಸದೆ ಹೋಯಿತೆಂದು ಎಲ್ಲರೂ ಆಮೇಲೆ ಹೇಳಿದರು.

ಶ್ರಾವಣದ ಒಂದು ಶನಿವಾರ ಮಧ್ಯಾಹ್ನ ಕರೆಂಟ್ ಹೋಯಿತು. ಕರೆಂಟ್ ಹೋದರೆ ಹೊಲಿಗೆ ನಿಲ್ಲುತ್ತದೆ, ಅವನು ಕುಡಿಯಲು ಹೋಗುತ್ತಾನೆ. ಅತ್ತೆ ಪೂಜೆಗೆ ಕೂತಿದ್ದರು. ನಾನು ಕೆಂಡದ ಇಸ್ತ್ರಿಪೆಟ್ಟಿಗೆಯಿಂದ ಪ್ಯಾಂಟುಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಅವನು ಬಂದು ಊಟ ಕೇಳಿದ. ಪೂಜೆ ಮುಗಿಯಲಿ ಎಂದೆ.

“ನನಗಿಂತ ದೊಡ್ಡ ದೇವರು ಯಾವನಲೇ ಈ ಮನ್ಯಾಗ?” ಎಂದವನೇ ನನ್ನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ಇನ್ನೊಂದು ಕೈಯಿಂದ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ. ಅದರ ಬಿಸಿ ಕೆನ್ನೆಗೆ ಬಂತು. ನಾನು ಕಣ್ಣು ಮುಚ್ಚಿದೆ. ಚರ್ಮ ಸುಟ್ಟ ವಾಸನೆ ಬಂತು, ಆದರೆ ನನಗೆ ನೋವಾಗಲಿಲ್ಲ.

ಕಣ್ಣು ಬಿಟ್ಟರೆ ನನ್ನ ಮುಖಕ್ಕೂ ಪೆಟ್ಟಿಗೆಗೂ ನಡುವೆ ಅತ್ತೆಯ ಮೊಳಕೈ ಇತ್ತು. ಅವರ ಬಲಗೈಯಲ್ಲಿ ಪೂಜೆಯ ಹಿತ್ತಾಳೆ ಗಂಟೆ. ಅದನ್ನೆತ್ತಿ ಮಗನ ಹಣೆಗೆ ಹೊಡೆದರು. ಅವನು ಪೆಟ್ಟಿಗೆ ಬಿಟ್ಟ. ಕೆಂಡಗಳು ನೆಲದ ತುಂಬ ಉರುಳಿದವು. ಮತ್ತೆ ಹೊಡೆದರು. ಕುಸಿದು ಕೂತವನ ಹಣೆಯಿಂದ ರಕ್ತ ಗಲ್ಲದವರೆಗೆ ಇಳಿಯುತ್ತಿತ್ತು.

“ನಾ ಸ್ವಾಮಿಗೆ ತಲಿ ಬಾಗಿಸೀನಿ, ನಿನ್ನ ಕೈಗಲ್ಲ,” ಎಂದರು ಅತ್ತೆ. “ಏಳು, ಹೊರಗ ನಡಿ.”

ಅವನು ಗೋಡೆ ಹಿಡಿದುಕೊಂಡು ಹೋದ. ನಾನು ಕೆಂಡಗಳ ಮೇಲೆ ನೀರು ಸುರಿದೆ. ಅತ್ತೆ ಗಂಟೆಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಕೂತು ಮಂಗಳಾರತಿ ಮಾಡಿ ಮುಗಿಸಿದರು.

ಅತ್ತೆಯ ಸುಟ್ಟ ಕೈಗೆ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಂಡು ಬರುವಾಗ ಕೇಳಿದೆ, “ಇಷ್ಟ್ ದಿನ ಎದ್ದಿರಲಿಲ್ವಲ್ಲ ಅತ್ತೆ?”

“ಸುಮ್ಮನಿರಾದೇ ತಾಳ್ಮಿ ಅಂತ ತಿಳಕೊಂಡಿದ್ನವ್ವಾ. ಅದು ಅಂಜಿಕಿ. ಅಂಜಿಕಿಗೆ ಸ್ವಾಮಿ ಹೆಸರಿಟ್ಟಿದ್ನಿ,” ಎಂದರು. ಆಮೇಲೆ, “ಇದ್ದೊಬ್ಬ ಮಗನ ತಲಿ ಒಡದೀನಿ. ಇನ್ನ ಏನಾಗ್ತತೋ ಆಗಲಿ, ಇವತ್ತು ಖರೇನ ಸ್ವಾಮಿ ಪಾದಕ್ಕ ಬಿಟ್ಟೀನಿ.”

ಹಣೆಗೆ ಹೊಲಿಗೆ ಹಾಕಿಸಿಕೊಂಡ ಗಂಡ ಬಳ್ಳಾರಿಗೆ ಹೋಗಿ ಅಲ್ಲಿಯ ಜೀನ್ಸ್ ಕೆಲಸಕ್ಕೆ ಸೇರಿದ. ಹೆತ್ತವಳೇ ಮಗನನ್ನು ಓಡಿಸಿದಳೆಂದು ಬೀದಿಯವರು ಮುಖದ ಮೇಲೆಯೇ ಆಡಿದರು. ಅತ್ತೆ, “ಹೌದ್ರಿ, ನಾನೇ ಓಡಿಸೀನಿ,” ಎಂದು ನೀರಿನ ಕೊಡ ಎತ್ತಿಕೊಂಡು ಬರುತ್ತಿದ್ದರು. ನಾನು ಅವನ ಮೆಷಿನ್ನಿನ ಮೇಲೆ ಹೊಲಿಗೆ ಕಲಿತೆ. ಮೊದಮೊದಲು ಸೂಜಿ ಎರಡು ಸಲ ನನ್ನ ಬೆರಳಿನೊಳಗೇ ಇಳಿಯಿತು.

ಯುಗಾದಿಗೆ ಅವನು ಬಂದ. “ಕೈ ಎತ್ತಂಗಿದ್ರ ಇಲ್ಲಿಂದ್ಲೇ ಹೊಳ್ಳಿ ಹೋಗು,” ಎಂದು ಅತ್ತೆ ಹೊಸ್ತಿಲಲ್ಲೇ ಹೇಳಿದರು. ತಲೆ ಆಡಿಸಿ ಒಳಗೆ ಬಂದ. ತಿಂಗಳು ಕಳೆಯುವುದರೊಳಗೆ ಮತ್ತೆ ಕೈ ಎತ್ತಿದ. ಆ ಸಲ ನಾವಿಬ್ಬರೂ ಸೇರಿ ಅವನ ಬಟ್ಟೆಗಳನ್ನು ಬೀದಿಗೆ ಹಾಕಿದೆವು. ಬೈಯುತ್ತಾ ಆರಿಸಿಕೊಂಡು ಹೋದ.

ವರ್ಷಗಳ ಮೇಲೆ ಅತ್ತೆ ಹಾಸಿಗೆ ಹಿಡಿದಾಗ ನಾನೇ ಗಂಡನಿಗೆ ಹೇಳಿ ಕಳಿಸಿದೆ. ಬಂದ. ಕುಡಿತ ಬಿಟ್ಟು ಸೊರಗಿದ್ದ. ತಾಯಿಯ ಕಾಲು ಹಿಡಿದು ಅತ್ತ. ಅವರು ಬೈಯಲಿಲ್ಲ. ಅವನ ಕೈ ಎಳೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡು, ಹಾಗೇ ನಿದ್ದೆ ಹೋದರು. ಅವನು ನನ್ನ ಕಡೆ ನೋಡಿದ. ಅತ್ತೆಗಿದ್ದ ಆ ಕ್ಷಮಿಸುವ ಮನಸ್ಸು ನನ್ನಲ್ಲಿ ಇರಲಿಲ್ಲ. ಇವತ್ತಿಗೂ ಇಲ್ಲ. ಪಡಸಾಲೆಗೆ ಬಂದು ಅರ್ಧ ಹೊಲಿದಿದ್ದ ಪ್ಯಾಂಟು ತೆಗೆದುಕೊಂಡು ಮೆಷಿನ್ನಿನ ಮುಂದೆ ಕೂತೆ.