ಇಪ್ಪತ್ತು ಬಡಾವಣೆಗಳ ಒಡೆಯ

“ಈ ಊರಲ್ಲಿ ಕೊಳೆ ಬಟ್ಟೆ ಇರೋವರೆಗೂ ನನ್ನ ಹೆಸರು ಜಪಿಸದ ಬಡಾವಣೆ ಇರಲ್ಲ!” ಎಂದು ವಾಷಿಂಗ್ ಮಷೀನ್ ಮೆಕ್ಯಾನಿಕ್ ಘೋಷಿಸಿದಾಗ, ಅವನು ಕೂತಿದ್ದ ಮೂರು ಕಾಲಿನ ಸ್ಟೂಲು ಕೂಡ ಹೌದೌದು ಎಂದು ಅಲುಗಾಡಿತು.

ಇಪ್ಪತ್ತು ಬಡಾವಣೆಗಳು ಆಗತಾನೆ ಅವನ ಕೈವಶವಾಗಿದ್ದವು, ಅಂದರೆ ಕೈಯಲ್ಲಿದ್ದ ಫೋನಿನಲ್ಲಿ. ಮ್ಯಾಪಿನಲ್ಲಿದ್ದ ತನ್ನ ರಿಪೇರಿ ಕೆಲಸದ ಪುಟ ತೆರೆದು, ಸೇವೆ ಕೊಡುವ ಪ್ರದೇಶಗಳ ಪಟ್ಟಿಯಲ್ಲಿ ಊರಿನ ಮೂಲೆಮೂಲೆಯನ್ನೂ ತುಂಬಿದ್ದ. ಇಪ್ಪತ್ತಕ್ಕಿಂತ ಹೆಚ್ಚು ಮ್ಯಾಪು ಬಿಡಲಿಲ್ಲ. ಬಿಟ್ಟಿದ್ದರೆ ಚಂದ್ರಲೋಕವನ್ನೂ ಸೇರಿಸುತ್ತಿದ್ದ. ಕೊನೆಗೆ ಜಾಗ ಸಾಲದೆ ತಾನಿರುವ ಬಡಾವಣೆಯನ್ನೇ ಅಳಿಸಿದ. ಇಲ್ಲಿಯವರಿಗೆ ತಾನು ಗೊತ್ತೇ ಇದ್ದೀನಲ್ಲ ಎಂಬ ಧೈರ್ಯ.

ಇಷ್ಟೆಲ್ಲ ಗಡಿಬಿಡಿಗೆ ಕಾರಣ ಅವನ ಬಾಮೈದ. ಸೇತುವೆಯಾಚೆ ದೊಡ್ಡ ಲಾಂಡ್ರಿ ಇಟ್ಟಿದ್ದ ಆಸಾಮಿ. “ಭಾವ, ಒಬ್ಬರೇ ಎಷ್ಟು ದಿನ ಅಂತ ಒದ್ದಾಡ್ತೀರಿ? ನನ್ನ ಹತ್ರ ಕೆಲಸಕ್ಕೆ ಸೇರ್ಕೊಂಡ್ಬಿಡಿ. ಯೂನಿಫಾರಮ್ಮೂ ಕೊಡ್ತೀನಿ” ಎಂದಿದ್ದ.

ಬಾಮೈದನ ಕೈಕೆಳಗೆ, ಜೇಬಿನ ಮೇಲೆ ಬಾಮೈದನ ಹೆಸರು ಹೊಲಿಸಿಕೊಂಡು! ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿಯಿತು. “ತಿಂಗಳೊಳಗೆ ಸೇತುವೆಯಾಚೆಯಿಂದ ಕೆಲಸಕ್ಕೆ ಅಂತ ಒಂದೇ ಒಂದು ಫೋನ್ ಬರ್ಲಿಲ್ಲ ಅಂದ್ರೆ, ಹಾಕ್ಕೋತೀನಿ ನಿನ್ನ ಯೂನಿಫಾರಮ್ಮು!” ಎಂದು ಪಂಥ ಕಟ್ಟಿಬಿಟ್ಟಿದ್ದ.

ಅಂದಿನಿಂದ ಅವನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ‘ವಾಷಿಂಗ್ ಮಷೀನ್ ರಿಪೇರಿ’ ಎಂದು ತಾನೇ ಹುಡುಕುತ್ತ ಊರು ಸುತ್ತಿದ. ಮನೆಯ ಹೊಸಿಲಲ್ಲಿ ನಿಂತು ಹುಡುಕಿದರೆ ಅವನೇ ಮೊದಲಿಗ. ಬಸ್ ಸ್ಟಾಪಿನಲ್ಲಿ ಮೂರನೆಯವ. ಸೇತುವೆಯ ಬುಡದಲ್ಲಿ ಒಂಬತ್ತನೆಯವ. ಸೇತುವೆ ದಾಟಿದ ಮೇಲೆ ಬೆರಳು ಸವೆದು ಅರ್ಧವಾಗುವಷ್ಟು ಕೆಳಕ್ಕೆ ತಳ್ಳಿದರೂ ಅವನ ಸುಳಿವಿಲ್ಲ. ಬರುತ್ತಿದ್ದ ಫೋನುಗಳೆಲ್ಲ ಅವನು ಅಳಿಸಿಹಾಕಿದ ಸ್ವಂತ ಬಡಾವಣೆಯವೇ! ತಿಂಗಳು ಮುಗಿಯಲು ಒಂದು ದಿನವಿತ್ತು.

“ಅಪ್ಪಾ, ಆ ಪಟ್ಟಿ ಇರೋದು ನೀನು ಎಲ್ಲೆಲ್ಲಿಗೆ ಹೋಗ್ತೀಯ ಅಂತ ಜನಕ್ಕೆ ತಿಳಿಸೋಕೆ ಅಷ್ಟೇ. ಅದ್ರಿಂದ ಯಾರೂ ಮೇಲೆ ಬರಲ್ಲ” ಎಂದಳು ಮಗಳು, ಅವನ ಸ್ಕ್ರೂಡ್ರೈವರುಗಳನ್ನು ಒಪ್ಪವಾಗಿ ಜೋಡಿಸುತ್ತ. “ಶುರುವಲ್ಲಿ ಮನೆ ವಿಳಾಸ ಕೊಟ್ಟು ಖಾತ್ರಿ ಮಾಡಿಸಿದ್ಯಲ್ಲ? ಹುಡುಕೋರಿಗೆ ಅದು ಎಷ್ಟು ಹತ್ರ ಇದೆ ಅಂತ ಮ್ಯಾಪು ನೋಡುತ್ತೆ.”

“ವಿಳಾಸ ಯಾರಿಗೂ ಕಾಣಬಾರ್ದು ಅಂತ ಮುಚ್ಚಿಟ್ಟಿದೀನಲ್ಲೇ!”

“ಜನಕ್ಕೆ ಮುಚ್ಚಿಟ್ಟೆ. ಮ್ಯಾಪಿಗೆ ಗೊತ್ತಲ್ಲ.”

“ಹಾಗಾದ್ರೆ ನನ್ನ ಇಪ್ಪತ್ತು ಬಡಾವಣೆ?”

“ಇಪ್ಪತ್ತು ಕಡೆ ಹೋಗೋಕೆ ರೆಡಿ ಇದೀಯ ಅಂತಾಯ್ತು. ಇಪ್ಪತ್ತು ಕಡೆ ಮನೆ ಕಟ್ಟಿದೀಯ ಅಂತಲ್ಲ.”

ಆ ರಾತ್ರಿ ಅವನು ಹೊರಳಾಡಿದ ರಭಸಕ್ಕೆ ಹಾಸಿಗೆಯಲ್ಲಿ ಒಂದು ಲೋಡು ಬಟ್ಟೆ ಒಗೆದು ಹಿಂಡಬಹುದಿತ್ತು. ಕೊನೆಯ ದಿನ ಬೆಳಗ್ಗೆ ದೂರದ ಬಡಾವಣೆಯೊಂದನ್ನು ಅಳಿಸಿ ತನ್ನ ಬಡಾವಣೆಯನ್ನು ಮತ್ತೆ ಪಟ್ಟಿಗೆ ಸೇರಿಸಿ, ಚೀಲ ಹೆಗಲಿಗೇರಿಸಿ, ಅಕ್ಕಪಕ್ಕದ ನಾಲ್ಕು ಮನೆಗಳ ಕೆಲಸಕ್ಕೆ ಹೊರಟ. ಯೂನಿಫಾರಮ್ಮಿನ ಬಣ್ಣ ಯಾವುದಿರಬಹುದೆಂದು ಯೋಚಿಸುತ್ತಿರುವಾಗಲೇ ಫೋನು ಬಡಿದುಕೊಂಡಿತು. ಬಾಮೈದ.

“ಭಾವ, ದೊಡ್ಡ ಮಷೀನು ಕೈಕೊಡ್ತು! ಲಾಂಡ್ರಿ ತುಂಬ ನೀರು. ಮ್ಯಾಪಲ್ಲಿ ಮೇಲಿದ್ದೋರು ಮೂರು ಜನ ಬಂದು ತಲೆ ಕೆರ್ಕೊಂಡು ಹೋದ್ರು. ನೀವು ಎಲ್ಲೂ ಕಾಣ್ಲೇ ಇಲ್ಲ. ಬೇಗ ಬನ್ನಿ!”

ಮೆಕ್ಯಾನಿಕ್ ನಡುಬೀದಿಯಲ್ಲಿ ನಿಂತ. “ಎಲ್ಲಿಂದ ಮಾತಾಡ್ತಿದೀಯಪ್ಪ?”

“ಲಾಂಡ್ರಿಯಿಂದ.”

“ಅದು ಸೇತುವೆಯಾಚೆ ಅಲ್ವೇನೋ?”

ನೀರಿನ ಸದ್ದಿನ ನಡುವೆ ಸಣ್ಣ ದನಿ: “ಆಯ್ತು ಭಾವ, ಗೆದ್ರಿ. ಯೂನಿಫಾರಮ್ಮು ಬೇಡ. ಈಗ್ಲೇ ಹೊರಡಿ.”

“ಈಗ್ಲೇ ಅಂದ್ರೆ ಹೇಗೆ? ಮ್ಯಾಪಿನ ಹಾಗೇ ನಂದೂನೂ, ಹತ್ತಿರದೋರು ಮೊದಲು. ನನ್ನ ಪಟ್ಟೀಲಿ ನೀನು ಐದನೆಯೋನು ಕಣಯ್ಯ.”